ಏಣಿ ರೆಕಾರ್ಡಿನ ಎರಡನೇ ಸೈಡು

ಕಾಲುವೆಗೆ ನೀರು ಬಂದ ಮೊದಲ ವರ್ಷಗಳಲ್ಲಿ ನಾನು ಶಹಾಪುರದಲ್ಲಿದ್ದೆ. ಕಲಬುರಗಿಯ ಒಂದು ದಿನಪತ್ರಿಕೆಗೆ ಸುದ್ದಿ ಕಳಿಸುವುದು ನನ್ನ ಕೆಲಸ. ಯಾವ ಹೊಲಕ್ಕೆ ನೀರು ಹತ್ತಿತು, ಯಾವ ಊರಿನ ಹತ್ತಿರ ಏರಿ ಒಡೆಯಿತು, ಯಾರ ಜೋಳದ ಹೊಲ ಭತ್ತದ ಗದ್ದೆಯಾಯಿತು ಎಂದು ವಾರವೆಲ್ಲ ಬರೆಯುತ್ತಿದ್ದೆ. ಭಾನುವಾರ ಮಾತ್ರ ಊರ ಹೊರಗಿನ ಕಾಲುವೆ ಕ್ಯಾಂಪಿಗೆ ಹೋಗುತ್ತಿದ್ದೆ. ಅಲ್ಲಿ ಒಬ್ಬ ಎಂಜಿನಿಯರ್ ಸಾಹೇಬರ ಕ್ವಾರ್ಟರ್ಸಿನಲ್ಲಿ ನಾವು ನಾಲ್ವರು ಸೇರಿ ಪ್ರೋಗ್ರೆಸಿವ್ ರಾಕ್ ಎಂಬ ಸಂಗೀತದ ಬಗ್ಗೆ ಜಗಳವಾಡುತ್ತಿದ್ದೆವು.

ಈಗ ಇದನ್ನು ಹೇಳಿದರೆ ಅದೇ ಊರಿನವರೂ ನಗುತ್ತಾರೆ. ಆದರೆ ಕಾಲುವೆ ತನ್ನ ಜತೆಗೆ ನೀರನ್ನಷ್ಟೇ ತರಲಿಲ್ಲ. ಧಾರವಾಡ, ಹೈದರಾಬಾದ್ ಕಡೆ ಓದಿದ ಎಂಜಿನಿಯರುಗಳನ್ನು ತಂದಿತು. ಅವರಲ್ಲೊಬ್ಬರು ತಮ್ಮ ಹಾಸಿಗೆಯ ಸುರುಳಿಯ ಜತೆ ಒಂದು ರೆಕಾರ್ಡ್ ಪ್ಲೇಯರನ್ನೂ ಮೂವತ್ತೊಂದು ರೆಕಾರ್ಡುಗಳಿದ್ದ ಒಂದು ಮರದ ಪೆಟ್ಟಿಗೆಯನ್ನೂ ತಂದಿದ್ದರು. ಒಂದು ಹಾಡು ರೆಕಾರ್ಡಿನ ಇಡೀ ಒಂದು ಸೈಡನ್ನು ನುಂಗುವಂಥ ಸಂಗೀತ ಅದು. ಆರ್ಗನ್ನಿನಿಂದ ಶುರುವಾಗಿ, ಗಿಟಾರಿಗೆ ಹಾರಿ, ನಡುವೆ ಹಕ್ಕಿಯ ದನಿ ಬಂದು, ತಾಳ ನಾಲ್ಕು ಸಲ ಬದಲಾಗಿ, ಮತ್ತೆ ಆರ್ಗನ್ನಿಗೇ ಬಂದು ನಿಲ್ಲುತ್ತಿತ್ತು.

ಸಾಹೇಬರನ್ನು ಬಿಟ್ಟರೆ ಎರಡನೆಯವರು ಸುರಪುರದ ಇಂಗ್ಲಿಷ್ ಲೆಕ್ಚರರ್. ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುವರು. ಮೂರನೆಯವನು ನಾನು. ನಾಲ್ಕನೆಯವನು ಕ್ಯಾಂಪಿನ ಆಫೀಸಿನ ಟ್ರೇಸರ್. ಅವನು ಸಗರದವನು, ದಿನಾ ಸೈಕಲ್ ಮೇಲೆ ಬರುತ್ತಿದ್ದ. ನನಗಿಂತ ಏಳೆಂಟು ವರ್ಷ ದೊಡ್ಡವನು, ಮಕ್ಕಳಿದ್ದವನು. ಆದರೂ ಅವನಿಗೆ ನಾನು 'ನೀ' ಎನ್ನುತ್ತಿದ್ದೆ, ಅವನು ನನಗೆ 'ನೀವು' ಎನ್ನುತ್ತಿದ್ದ. ಇದನ್ನು ಯಾರೂ ಕೂತು ತೀರ್ಮಾನಿಸಿರಲಿಲ್ಲ.

ಚಹಾಕ್ಕೆ ನಮ್ಮ ಮೂವರಿಗೆ ಗಾಜಿನ ಲೋಟ, ಅವನಿಗೆ ಸ್ಟೀಲಿನದು. ಅವನದು ಬೌದ್ಧರ ಮನೆ. ಸಾಹೇಬರು ತಾವು ಜಾತಿ ನಂಬುವುದಿಲ್ಲ ಎಂದು ಹೇಳಿಕೊಳ್ಳುತ್ತಿದ್ದರು. ಅವರ ಮನೆಯಲ್ಲಿ ಗಾಜಿನ ಲೋಟಗಳು ಆರು ಇದ್ದವು. ಟ್ರೇಸರ್ ತನ್ನ ಲೋಟವನ್ನು ಹಿತ್ತಲಿನ ನಲ್ಲಿಯಲ್ಲಿ ತಾನೇ ತೊಳೆದು ಕಿಟಕಿಯ ಮೇಲೆ ಬೋರಲು ಹಾಕಿ ಹೋಗುತ್ತಿದ್ದ.

ಅವನ ಕೆಲಸವನ್ನು ಒಂದಿಷ್ಟು ಹೇಳಬೇಕು. ಎಂಜಿನಿಯರು ಪೆನ್ಸಿಲಿನಲ್ಲಿ ಬರೆದ ಕಾಲುವೆಯ ನಕ್ಷೆಯ ಮೇಲೆ ಪಾರದರ್ಶಕ ಹಾಳೆ ಹಾಸಿ, ಗೆರೆಗೆ ಗೆರೆ ಕೂಡಿಸಿ, ಶಾಯಿಯಲ್ಲಿ ನಕಲು ತೆಗೆಯುವವನು ಟ್ರೇಸರ್. ಹಾಳೆಯ ಬಲಗಡೆ ಕೆಳಗೆ ಒಂದು ಚೌಕ ಇರುತ್ತದೆ. ಅದರಲ್ಲಿ ತಾರೀಖು, ಬರೆದವರು, ಟ್ರೇಸ್ ಮಾಡಿದವರು, ತಪಾಸಣೆ ಮಾಡಿದವರು ಎಂದು ಮನೆಗಳು. ಎಲ್ಲ ಮನೆಗಳೂ ತುಂಬದೆ ನಕ್ಷೆ ಹೊರಗೆ ಹೋಗುವಂತಿಲ್ಲ. ಈ ರೂಢಿ ಅವನ ಕೈಗೆ ಎಷ್ಟು ಹತ್ತಿತ್ತೆಂದರೆ, ನಮ್ಮ ಕ್ಯಾಸೆಟ್ಟುಗಳ ಕಾರ್ಡಿನ ಮೇಲೂ ಅದೇ ಚೌಕವನ್ನು ಬೆರಳುಗುರಿನಷ್ಟು ಸಣ್ಣದಾಗಿ ಬರೆಯುತ್ತಿದ್ದ. ತಾರೀಖು, ರೆಕಾರ್ಡ್ ಮಾಡಲು ಹಚ್ಚಿದ ಹೊತ್ತು, ತನ್ನ ಸಹಿ. ತಪಾಸಣೆಯ ಮನೆಯಲ್ಲಿ ಸಾಹೇಬರು ಕ್ಯಾಸೆಟ್ ಕೇಳದೆಯೇ ಸಹಿ ಎಳೆಯುತ್ತಿದ್ದರು. ಶಾಯಿ ಆರುವ ತನಕ ಅವನು ಅದರ ಮೇಲೆ ಮೆಲ್ಲಗೆ ಊದುತ್ತಿದ್ದ.

ಜಗಳದ ವಿಷಯ ಎರಡು. ಯಾವ ರೆಕಾರ್ಡು ದೊಡ್ಡದು ಎಂಬುದು ಒಂದು. ರೆಕಾರ್ಡನ್ನು ಯಾವ ಕಂಪನಿ ತೆಗೆಯಬೇಕು ಎಂಬುದು ಇನ್ನೊಂದು. ಸಾಹೇಬರು ದೊಡ್ಡ ಕಂಪನಿಗಳ ಕಡೆ. ಲೆಕ್ಚರರ್, ಯಾರ ಹಂಗೂ ಇಲ್ಲದೆ ಸ್ವಂತಕ್ಕೆ ರೆಕಾರ್ಡ್ ತೆಗೆಯುವ ಸಣ್ಣ ಕಂಪನಿಗಳ ಕಡೆ.

"ದೊಡ್ಡ ಕಂಪನಿದು ಕೇಳ್ರಿ ಸರ, ಒಂದೊಂದು ವಾದ್ಯ ಬ್ಯಾರೆ ಬ್ಯಾರೆ ಕೇಳಸ್ತದ," ಎನ್ನುವರು ಸಾಹೇಬರು.

"ಹೌದ್ರಿ, ತಲಿ ಬಾಚಿ, ಪೌಡರ್ ಹಚ್ಚಿ ಫೋಟೋಕ್ಕ ನಿಂದರಿಸಿದಂಗ ಕೇಳಸ್ತದ. ನೀವು ಕಾಲುವಿಗಿ ಸಿಮೆಂಟ್ ಬಡದಂಗ ಅವ್ರು ಹಾಡಿಗೂ ಬಡಿತಾರ."

"ಸಿಮೆಂಟ್ ಬಡೀದಿದ್ರ ನೀರು ಸುರಪುರಕ್ಕ ಮುಟ್ಟಂಗಿಲ್ಲ, ನೆನಪಿಡ್ರಿ."

"ಮುಟ್ಟಿದ್ದು ಎಲ್ಲ್ಯದ ತೋರಸ್ರಿ ಮೊದ್ಲ."

ಹೀಗೆ. ಇದರ ಮೇಲೆ ಒಂದು ಪರೀಕ್ಷೆಯೂ ಇತ್ತು. ಸಾಹೇಬರು ನಮ್ಮ ಕಡೆ ಬೆನ್ನು ಮಾಡಿ, ಯಾವುದೋ ರೆಕಾರ್ಡಿನ ನಡುವೆ ಮುಳ್ಳು ಇಳಿಸುವರು. ಯಾವ ರೆಕಾರ್ಡು, ಯಾವ ಸೈಡು, ಯಾವ ಕಂಪನಿ ಹೇಳಬೇಕು. ತಪ್ಪಿದವರು ಚಹಾ ಮಾಡಬೇಕು. ಟ್ರೇಸರಿಗೆ ಈ ಶಿಕ್ಷೆ ಅನ್ವಯಿಸುತ್ತಿರಲಿಲ್ಲ, ಏಕೆಂದರೆ ಅಡುಗೆಮನೆಗೆ ಅವನು ಹೋಗುವಂತಿರಲಿಲ್ಲ. ಅವನು ತಪ್ಪುತ್ತಲೂ ಇರಲಿಲ್ಲ.

ಒಂದು ಭಾನುವಾರ ಲೆಕ್ಚರರ್ ಯಾವುದೋ ಹಾಡಿನ ತಾಳ ಏಳು ಮಾತ್ರೆಯದು ಎಂದು ಅರ್ಧ ತಾಸು ಮಾತಾಡಿದರು. ಟ್ರೇಸರ್ ತೊಡೆಯ ಮೇಲೆ ಬೆರಳಾಡಿಸುತ್ತ ಕುಳಿತಿದ್ದವನು, "ಹದಿಮೂರು ಅವರಿ ಸರ. ಆರು ಆದ ಮ್ಯಾಲ ಏಳು ಬರ್ತಾವ," ಎಂದ. ಮತ್ತೆ ಹಚ್ಚಿ ಎಣಿಸಿದೆವು. ಹದಿಮೂರೇ.

"ಯಾರು ಕಲಿಸ್ಯಾರಪಾ ನಿನಗ?" ಎಂದರು ಸಾಹೇಬರು.

"ಯಾರಿಲ್ರಿ. ಕೇಳಿದ್ರ ಗೊತ್ತಾಗ್ತದ."

ಲೆಕ್ಚರರ್ ಸಿಗರೇಟು ಹಚ್ಚಿಕೊಳ್ಳುತ್ತ, "ಹಲಗಿ ಬಡದ ಕೈ ಅಲ್ಲೇನ್ರಿ, ಲೆಕ್ಕ ಹ್ಯಾಂಗ ತಪ್ಪತದ?" ಎಂದರು. ಸಾಹೇಬರು ನಕ್ಕರು. ನಾನೂ ನಕ್ಕೆ. ಟ್ರೇಸರ್ ತೊಡೆಯ ಮೇಲಿನ ಕೈಯನ್ನು ತೆಗೆದು ಮಡಚಿಕೊಂಡ. ಆಮೇಲೆ ಅವನು ನಮ್ಮೆದುರು ತಾಳ ಹಾಕಿದ್ದನ್ನು ನಾನು ನೋಡಲಿಲ್ಲ.

ಏಣಿ ರೆಕಾರ್ಡು ಬಂದದ್ದು ಒಂದೇ ಒಂದು ದಿನಕ್ಕೆ. ಸಾಹೇಬರ ಜತೆ ಓದಿದ ಗೆಳೆಯರೊಬ್ಬರು ಹೈದರಾಬಾದಿನಿಂದ ಕಾಲುವೆ ನೋಡಲು ಬಂದಾಗ ತಂದಿದ್ದರು. ಸಂಜೆ ಹೋಗುವಾಗ ಅವರಿಗೆ ವಾಪಸು ಬೇಕು. ರೆಕಾರ್ಡಿನ ಕವಚದ ಮೇಲೆ ಬಯಲಿನಲ್ಲಿ ಯಾವುದಕ್ಕೂ ಒರಗದೆ ನಿಂತ ಒಂದು ಏಣಿಯ ಚಿತ್ರವಿತ್ತಂತೆ. ಮೂವರು ಗೆಳೆಯರು ಯಾರದೋ ಮನೆಯ ಹಿಂದಿನ ಶೆಡ್ಡಿನಲ್ಲಿ ಕಟ್ಟಿಕೊಂಡ ಕಂಪನಿ ಅದನ್ನು ತೆಗೆದದ್ದೆಂದು ಹಿಂದೆ ಅಚ್ಚಾಗಿತ್ತಂತೆ. ಸಾಹೇಬರು ಗೆಳೆಯರನ್ನು ಜೀಪಿನಲ್ಲಿ ತೂಬು ತೋರಿಸಲು ಕರೆದುಕೊಂಡು ಹೋದರು. ಅಂದು ಭಾನುವಾರವಲ್ಲ, ನಾನೂ ಲೆಕ್ಚರರೂ ಅಲ್ಲಿರಲಿಲ್ಲ; ಕ್ಯಾಸೆಟ್ಟಿಗೆ ಇಳಿಸಲು ಟ್ರೇಸರ್ ಒಬ್ಬನೇ ಉಳಿದ. ಆಗ ನಮ್ಮ ಪದ್ಧತಿ, ಟೇಪ್ ರೆಕಾರ್ಡರನ್ನು ಸ್ಪೀಕರಿನ ಎದುರು ಸ್ಟೂಲಿನ ಮೇಲಿಟ್ಟು, ಮಾತಾಡದೆ ಕೂತಿರುವುದು. ಕರೆಂಟಿನ ಗುಂಯ್ ಎಂಬ ದನಿ ಹತ್ತಬಾರದೆಂದು ಟೇಪನ್ನು ಸೆಲ್ ಹಾಕಿ ನಡೆಸುತ್ತಿದ್ದೆವು.

ಮರುವಾರ ಕೇಳಿದೆವು. ಎರಡನೇ ಸೈಡಿನ ಹಾಡು ಅರ್ಧ ದಾಟಿದ ಮೇಲೆ, ಆರ್ಗನ್ನು ಏರುತ್ತಿದ್ದಾಗ, ದನಿ ಒಮ್ಮೆ ಜಗ್ಗಿ ಕುಸಿದು ನಿಂತಿತು. ಆಮೇಲೆ ಏನೂ ಇಲ್ಲ. ಕಿವಿಗೊಟ್ಟರೆ ಒಂದು ಸಣ್ಣ ಟಿಕ್. ಮೊದಲು ಒಂದರ ಬೆನ್ನಿಗೊಂದು, ಆಮೇಲೆ ನಿಧಾನ, ಇನ್ನೂ ನಿಧಾನ, ಕೊನೆಗೆ ಅರ್ಧಕ್ಕೇ ಬಿಟ್ಟಂಥ ಒಂದು ಟಿಕ್. ಮತ್ತೆ ಮೌನ. ಎರಡು ನಿಮಿಷಕ್ಕೆ ತುಸು ಕಡಿಮೆ. ಆಮೇಲೆ ಆರ್ಗನ್ನು ಆಳದಿಂದ ಮೇಲೆದ್ದು ಬಂದಂತೆ ತನ್ನ ಶ್ರುತಿಗೆ ಬಂದು ಕೂತಿತು.

ಟ್ರೇಸರ್ ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಲೆಕ್ಚರರ್ ಎದ್ದು ನಿಂತಿದ್ದರು.

"ಇದು ನೋಡ್ರಿ. ಇದು. ದೊಡ್ಡ ಕಂಪನಿಯವ ಎರಡು ನಿಮಿಷ ಸುಮ್ಮ ಕುಂದ್ರಾಕ ಬಿಡ್ತಾನೇನ್ರಿ? ಶೆಡ್ಡಿನ್ಯಾಗ ಕುಂತವರಿಗಷ್ಟ ಈ ಧೈರ್ಯ ಇರ್ತದ."

ಸಾಹೇಬರು ಮತ್ತೊಮ್ಮೆ ಹಚ್ಚಿ ಕೇಳಿದರು, ಮತ್ತೊಮ್ಮೆ ಕೇಳಿದರು. "ಸೋತೆ ನೋಡ್ರಿ ಸರ," ಎಂದರು. ಅವರು ಸೋತೆ ಎಂದದ್ದು ಅದೊಂದೇ ಸಲ. ಟ್ರೇಸರ್ ತೆರೆದ ಬಾಯಿ ಮುಚ್ಚಿಕೊಂಡ.

ಆಮೇಲಿನ ಎರಡು ವರ್ಷ ನಮ್ಮ ಜಗಳವೆಲ್ಲ ಆ ಮೌನದ ಸುತ್ತ. ಟಿಕ್ ಎಂದರೆ ಕಾಲ ಎಂದು ಲೆಕ್ಚರರ್, ಎದೆಬಡಿತ ಎಂದು ಸಾಹೇಬರು. ಕೊನೆಯ ಅರ್ಧ ಟಿಕ್ಕಿನ ಮೇಲೆ ಲೆಕ್ಚರರ್ ಒಂದು ಮಧ್ಯಾಹ್ನವನ್ನೇ ಕಳೆದರು. ನಾನು ಪತ್ರಿಕೆಯ ಭಾನುವಾರದ ಪುರವಣಿಗೆ ಅದರ ಮೇಲೆ ಒಂದು ಲೇಖನ ಬರೆದೆ. ಸಣ್ಣ ಕಂಪನಿಗಳಿಗೆ ಮಾತ್ರ ಮೌನ ಗೊತ್ತು ಎಂಬುದು ಅದರ ತಿರುಳು. ಸಂಪಾದಕರು ಒಂದು ಕಾರ್ಡು ಬರೆದು ಮೆಚ್ಚಿಕೊಂಡರು. ಅವರು ಮೆಚ್ಚಿ ಕಾರ್ಡು ಬರೆದದ್ದು ನನಗೆ ಅದೊಂದೇ.

ನಡುವೆ ಟ್ರೇಸರ್ ಒಂದು ಕ್ಯಾಸೆಟ್ ತಂದಿದ್ದ. ಯಾದಗಿರಿ ಸ್ಟೇಷನ್ ರಸ್ತೆಯಲ್ಲಿ ಖಾಲಿ ಕ್ಯಾಸೆಟ್ ಮಾರುವವನೊಬ್ಬ ತಾನೇ ಒಂದು ಕಂಪನಿ ಮಾಡಿ, ಹಳ್ಳಿಯ ಭಜನೆಯವರ ತತ್ವಪದ ರೆಕಾರ್ಡ್ ಮಾಡಿ ಬಿಟ್ಟಿದ್ದ. ಒಂದು ಸೈಡಿಗೆ ಒಂದೇ ಪದ. ಅರ್ಧಕ್ಕೆ ಬಂದಾಗ ಹಿಂದೆಲ್ಲೋ ಒಂದು ಹುಂಜ ಕೂಗಿತು.

ಲೆಕ್ಚರರ್ ನಗು ತಡೆಯಲಾರದೆ, "ಇವ ಯಾರ್ರಿ ಹುಂಜಪ್ಪ? ಕವಚದ ಮ್ಯಾಲ ಇವನ ಹೆಸರು ಹಾಕಿಲ್ಲಲ್ಲ?" ಎಂದರು.

"ಮುಂಜಾನಿ ಮಾಡ್ಯಾರ್ರಿ ರೆಕಾರ್ಡ್," ಎಂದ ಟ್ರೇಸರ್. "ಮುಂಜಾನಿ ಹುಂಜ ಕೂಗ್ತದಲ್ರಿ."

"ಅದಕ್ಕ ಖಬರಗೇಡಿತನ ಅಂತಾರ."

"ಇದೂ ಸಣ್ಣ ಕಂಪನೀನ ಅಲ್ರಿ ಸರ?"

"ತಮ್ಮಾ, ಅವ್ರು ಬೇಕಂತ ಸಣ್ಣವರಾಗ್ಯಾರ. ಇವ ಬ್ಯಾರೆ ಗತಿ ಇಲ್ಲದ ಸಣ್ಣವ ಆಗ್ಯಾನ. ಫರಕ್ ತಿಳೀಲಿಲ್ಲೇನು?"

ಟ್ರೇಸರ್ ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿ ಹಾಕಿಕೊಂಡ.

ನನಗೆ ಸತ್ಯ ಗೊತ್ತಾದದ್ದು ಇನ್ನೊಂದು ಬೇಸಿಗೆಯಲ್ಲಿ. ನನ್ನ ಸುದ್ದಿಗಳನ್ನೆಲ್ಲ ಕತ್ತರಿಸಿ, ತಾರೀಖಿನ ಪ್ರಕಾರ ಒಂದು ರಿಜಿಸ್ಟರಿನಲ್ಲಿ ಅಂಟಿಸಿ ಇಡುವುದು ನನ್ನ ಶಿಸ್ತು. ಕೈಯಲ್ಲಿ ಏಣಿಯ ಕ್ಯಾಸೆಟ್ ಇತ್ತು, ಎರವಲು ತಂದಿದ್ದೆ. ಕಾರ್ಡಿನ ಮೇಲಿನ ಚೌಕದಲ್ಲಿ ತಾರೀಖು. ಎರಡನೇ ಸೈಡು ಹಚ್ಚಿದ್ದು ಮಧ್ಯಾಹ್ನ ಎರಡೂ ಐವತ್ತಕ್ಕೆ. ರಿಜಿಸ್ಟರಿನಲ್ಲಿ ಅದೇ ತಾರೀಖಿನ ನನ್ನದೇ ಮೂರು ಸಾಲಿನ ಸುದ್ದಿ: ಮಧ್ಯಾಹ್ನ ಮೂರರ ಸುಮಾರಿಗೆ ಬಿರುಗಾಳಿಗೆ ತಂತಿಗೆ ತಂತಿ ತಾಗಿ ಶಹಾಪುರ ಮತ್ತು ಕ್ಯಾಂಪಿನಲ್ಲಿ ಕರೆಂಟ್ ಹೋಗಿ, ಎರಡು ನಿಮಿಷದಲ್ಲಿ ಬಂತು.

ಕರೆಂಟ್ ಹೋದರೆ ಪ್ಲೇಯರ್ ನಿಲ್ಲುತ್ತದೆ. ಸೆಲ್ಲಿನ ಮೇಲಿದ್ದ ಟೇಪ್ ನಿಲ್ಲುವುದಿಲ್ಲ. ನಾನು ರಿಜಿಸ್ಟರ್ ಮುಚ್ಚಿದೆ. ತಪ್ಪು ಅಚ್ಚಾದರೆ ಮರುದಿನವೇ ತಿದ್ದುಪಡಿ ಹಾಕಬೇಕೆಂದು ಕಲಿಸಿದ ಪತ್ರಿಕೆಯಲ್ಲಿ ನಾನು ಕೆಲಸ ಕಲಿತಿದ್ದೆ. ಇದಕ್ಕೆ ತಿದ್ದುಪಡಿ ಬರೆಯಲಿಲ್ಲ. ಕ್ಯಾಸೆಟ್ಟನ್ನು ಭಾನುವಾರ ವಾಪಸು ಕೊಟ್ಟು, ಅರ್ಧ ಟಿಕ್ಕಿನ ಚರ್ಚೆಯಲ್ಲಿ ಎಂದಿನಂತೆ ಭಾಗವಹಿಸಿದೆ.

ಸಾಹೇಬರಿಗೆ ವರ್ಗಾವಣೆಯಾಯಿತು. ಪ್ಲೇಯರು ಅವರ ಮಾವ ಕೊಟ್ಟದ್ದು, ಜತೆಗೆ ಹೋಗುವುದು. ರೆಕಾರ್ಡುಗಳನ್ನೆಲ್ಲ ಕ್ಯಾಸೆಟ್ಟಿಗೆ ಇಳಿಸಿಯಾಗಿತ್ತು. "ಈ ಪೆಟಿಗಿ ಹೊತ್ತು ನನಗ ಸಾಕಾಗ್ಯಾದ. ನಿಮ್ಮೊಳಗ ಯಾರಿಗಿ ಹೆಚ್ಚು ಗೊತ್ತದ ಅವರಿಗಿ ಬಿಟ್ಟು ಹೋಗ್ತೀನಿ. ಮುಂದಿನ ಐತವಾರ ಕಡೀ ಪರೀಕ್ಷೆ," ಎಂದರು.

ಅಂದು ಸಂಜೆ ಟ್ರೇಸರ್ ಸೈಕಲ್ ತಳ್ಳುತ್ತ ನನ್ನ ಜತೆ ಕ್ಯಾಂಪಿನ ಗೇಟಿನವರೆಗೆ ನಡೆದ. ಅವನು ತಾನಾಗಿ ಮಾತಾಡುವುದು ಅಪರೂಪ.

"ಯಾದಗಿರಿ ಕ್ಯಾಸೆಟ್‌ನವನ ಬಲ್ಲಿ ಒಂದು ಹಳೀ ಪ್ಲೇಯರ್ ಅದರಿ. ಕೊಡ್ತೀನಂದಾನ."

"ಪೆಟಿಗಿ ನಿನಗ ಸಿಗ್ತದಂತ ಅನಕೊಂಡೇನು?"

"ಪರೀಕ್ಷಾ ಅಂದ್ರ ಸಿಗ್ತದ್ರಿ." ಸ್ವಲ್ಪ ದೂರ ನಡೆದ ಮೇಲೆ ಹೇಳಿದ: "ಮೂರು ವರ್ಷಾತ್ರಿ ಕೇಳಾಕತ್ತು. ಒಂದು ರೆಕಾರ್ಡ್ ಸುದಾ ಸಮಾಧಾನಲೆ ಕಡೀತನ ಕೇಳಿಲ್ಲ. ಇಳಿಸೂ ಮುಂದ ಲಕ್ಷ್ಯ ಎಲ್ಲಾ ಟೇಪಿನ ಮ್ಯಾಲ ಇರ್ತದ, ನೀವು ಕುಂತಾಗ ನಡುವ ಮುಳ್ಳು ಎತ್ತಿ ಜಗಳಾ ಹಚ್ತೀರಿ. ಮನ್ಯಾಗ ಹಚ್ಚಿ ಒಂದೊಂದು ಪೂರ್ತಿ ಕೇಳಬೇಕ್ರಿ. ಮೂವತ್ತೊಂದೂ."

ಅವನಿಗೆ ಬೇಕಾದದ್ದು ಇಷ್ಟೇ. ಇದನ್ನು ಅವನು ನನಗೊಬ್ಬನಿಗೆ ಹೇಳಿದ್ದ.

ಪರೀಕ್ಷೆಯ ದಿನ ನಾನು ನಾಲ್ಕನೇ ಪ್ರಶ್ನೆಗೆ ಹೊರಬಿದ್ದೆ. ಲೆಕ್ಚರರೂ ಟ್ರೇಸರೂ ಉಳಿದರು. ಹತ್ತು ಪ್ರಶ್ನೆ ಸಮ ಸಮ ಹೋಯಿತು. ಹನ್ನೊಂದನೆಯದಕ್ಕೆ ಸಾಹೇಬರು ಕೇಳಿದರು: "ಏಣಿ. ಎರಡನೇ ಸೈಡು. ಮೌನದಾಗ ಟಿಕ್ ಎಷ್ಟು ಅವ?"

"ಮೂವತ್ತಾರು," ಎಂದರು ಲೆಕ್ಚರರ್.

"ನಲವತ್ತೊಂದುವರಿ ರೀ," ಎಂದ ಟ್ರೇಸರ್.

ಕ್ಯಾಸೆಟ್ ಹಚ್ಚಿ, ನಾಲ್ವರೂ ಬೆರಳು ಮಡಚಿ ಎಣಿಸಿದೆವು. ನಲವತ್ತೊಂದು. ಆಮೇಲೆ ಆ ಅರ್ಧ.

ಸಾಹೇಬರು ಪೆಟ್ಟಿಗೆಯ ಕಡೆ ನೋಡಿದರು. ಟ್ರೇಸರೂ ನೋಡಿದ. ಅಲ್ಲಿಗೆ ಮುಗಿಯಬೇಕಾಗಿತ್ತು. ಆದರೆ ಲೆಕ್ಚರರ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಎಣಸೋದು ಕಾರಕೂನನ ಕೆಲಸರಿ. ರೆಕಾರ್ಡ್ ಗೊತ್ತದ ಅಂದ್ರ ಅರ್ಥ ಗೊತ್ತಿರಬೇಕು. ಹೇಳಪಾ, ಆ ಟಿಕ್ ಏನು? ಎರಡು ವರ್ಷ ನಾವು ಬಡಕೊಂಡ್ವಿ, ನೀ ಒಂದು ಮಾತಾಡಿಲ್ಲ. ಇವತ್ತು ಹೇಳು."

ಸುಳ್ಳು ಹೇಳಿದ್ದರೆ ಅವನು ಗೆಲ್ಲುತ್ತಿದ್ದ. ಕಾಲ ಎಂದಿದ್ದರೂ ಸಾಕಿತ್ತು, ಎದೆಬಡಿತ ಎಂದಿದ್ದರೂ ಸಾಕಿತ್ತು. ಅವನು ತಲೆ ಎತ್ತಿ ಮೇಲೆ ನೋಡಿದ.

"ಫ್ಯಾನ್ ರೀ ಸರ."

"ಏನು?"

"ಈ ಫ್ಯಾನು. ಅವತ್ತ ಕರೆಂಟ್ ಹೋತು. ರೆಕಾರ್ಡ್ ನಿಂತತು. ಟೇಪಿನ್ಯಾಗ ಸೆಲ್ ಇತ್ತಲ್ರಿ, ಅದು ನಡದತು. ಫ್ಯಾನ್ ನಿಂದರೂ ಮುಂದ ಟಿಕ್ ಟಿಕ್ ಅಂತದ. ಕಡೀಕ ರೆಕ್ಕಿ ಸುತ್ತು ಮುಗಿಸಲಾರದ ಅರ್ಧಕ್ಕ ಹೊಳ್ಳತದ, ಅದs ಆ ಅರ್ಧ. ರೆಕಾರ್ಡಿನ್ಯಾಗ ಮೌನ ಇಲ್ರಿ."

ಲೆಕ್ಚರರ ಮುಖದಲ್ಲಿ ಮೊದಲು ಏನೂ ಕಾಣಲಿಲ್ಲ, ಆಮೇಲೆ ಒಂದು ನಗು ಕಂಡಿತು. ತರಗತಿಯಲ್ಲಿ ಹುಡುಗರು ಆ ನಗುವಿಗೆ ಹೆದರುತ್ತಿದ್ದರೆಂದು ಕೇಳಿದ್ದೆ.

"ಸಾಹೇಬ್ರ, ಲೆಕ್ಕಾ ಸರಳ ಅದ. ಇವ ಹೇಳಿದ್ದು ಸುಳ್ಳಾದ್ರ, ಇವಗ ರೆಕಾರ್ಡ್ ತಿಳದಿಲ್ಲ. ಖರೇ ಆದ್ರ, ನಿಮ್ಮ ಗೆಳ್ಯಾರ ರೆಕಾರ್ಡ್ ಇವ ಕೆಡಿಸಿ ಇಳಿಸ್ಯಾನ, ಎರಡು ವರ್ಷ ಮುಚ್ಚಿಟ್ಟಾನ. ಎರಡರಾಗ ಯಾವದಕ್ಕ ಪೆಟಿಗಿ ಕೊಡ್ತೀರಿ?"

"ಕೆಡಿಸಿಲ್ರಿ," ಎಂದ ಟ್ರೇಸರ್. "ಕ್ಯಾಸೆಟ್ ಒಂದs ಇತ್ತು. ಮತ್ತ ಮೊದಲಿಂದ ಹಚ್ಚಾಕ ವ್ಯಾಳ್ಯಾ ಇರಲಿಲ್ಲ. ನೀವು ಕೇಳಿದ ದಿನಾನs ಹೇಳಬೇಕಂತಿದ್ದೆ."

"ಯಾಕ ಹೇಳಲಿಲ್ಲ ಮತ್ತ?" ಎಂದರು ಸಾಹೇಬರು. ಅವರ ದನಿ ಆಫೀಸಿನ ದನಿಯಾಗಿತ್ತು.

"ನಿಮಗ ಭಾಳ ಛಲೋ ಅನಿಸಿತ್ತರಿ."

ಇದು ಸಾಹೇಬರಿಗೆ ಎಲ್ಲಕ್ಕಿಂತ ಹೆಚ್ಚು ನಾಟಿತು. ಕಿವಿ ಕೆಂಪಗಾಯಿತು.

"ಫ್ಯಾನ್ ಬಂದ್ ಮಾಡಿ ಕೇಳ್ರಿ ಸಾಹೇಬ್ರ," ಎಂದ ಅವನು. "ಎರಡು ನಿಮಿಷ. ಎಣಸ್ರಿ."

"ಈ ಬಿಸಲಾಗ ನಿನ್ನ ಮಾತು ಕೇಳಿ ಫ್ಯಾನ್ ಬಂದ್ ಮಾಡ್ಲೇನು? ಯಾರ ಮನ್ಯಾಗ ಕುಂತೀದಿ ನೆನಪದ ಇಲ್ಲ?"

ಆಮೇಲೆ ಸಾಹೇಬರು ನನ್ನ ಕಡೆ ತಿರುಗಿದರು. "ಏನ್ರಿ ಪೇಪರ್‌ನವರ, ನೀವು ಬರದೀರಿ ಇದರ ಮ್ಯಾಲ. ನೀವು ಹೇಳ್ರಿ. ಅವತ್ತ ಕರೆಂಟ್ ಹೋಗಿತ್ತೇನು?"

ಟ್ರೇಸರ್ ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಆತಂಕ ಇರಲಿಲ್ಲ. ಇನ್ನೇನು ಉತ್ತರ ಬರುತ್ತದೆ ಎಂದು ಕಾಯುವವನಂತೆ ಕುಳಿತಿದ್ದ.

"ಎರಡು ವರ್ಷದ ಮಾತು," ಎಂದೆ. "ನನಗ ನೆನಪಿಲ್ರಿ."

ಅವನು ಎದ್ದ. ಲೋಟ ಹಿಡಿದು ಹಿತ್ತಲಿಗೆ ಹೋದ. ನಲ್ಲಿಯ ಸದ್ದು ಕೇಳಿತು. ಲೋಟವನ್ನು ಕಿಟಕಿಯ ಮೇಲೆ ಬೋರಲು ಇಟ್ಟು, "ಬರ್ತೀನ್ರಿ," ಎಂದು ಹೋದ. ಹೈದರಾಬಾದಿನ ಗೆಳೆಯರಿಗೆ ಒಂದು ಕಾರ್ಡು ಬರೆದು ಕೇಳಿದ್ದರೆ ಎಂಟು ದಿನದಲ್ಲಿ ಉತ್ತರ ಬರುತ್ತಿತ್ತು. ಆ ಮಾತನ್ನು ಯಾರೂ ಎತ್ತಲಿಲ್ಲ.

ಸುಮಾರು ಹತ್ತು ನಿಮಿಷದ ಮೇಲೆ ಕರೆಂಟ್ ಹೋಯಿತು. ಬೇಸಿಗೆಯಲ್ಲಿ ಅದು ವಿಶೇಷವಲ್ಲ. ಕರೆಂಟ್ ಹೋದ ತಕ್ಷಣ ಗದ್ದಲ ಮಾಡುತ್ತ ಎದ್ದು, ಹೊರಗೆ ಬೇವಿನ ಮರದ ಕೆಳಗೆ ಹೋಗುವುದು ನಮ್ಮ ರೂಢಿ. ಹಾಗಾಗಿ ಮೂರು ವರ್ಷದಲ್ಲಿ ಆ ಫ್ಯಾನು ನಿಲ್ಲುವುದನ್ನು ನಾವು ಮೂವರೂ ಕಿವಿಗೊಟ್ಟು ಕೇಳಿರಲಿಲ್ಲ. ಅಂದು ಯಾರೂ ಏಳಲಿಲ್ಲ. ಮಾತೂ ಇರಲಿಲ್ಲ. ಟಿಕ್ ಶುರುವಾಯಿತು. ಒಂದರ ಬೆನ್ನಿಗೊಂದು, ಆಮೇಲೆ ನಿಧಾನ, ಇನ್ನೂ ನಿಧಾನ. ನಾನು ಎಣಿಸಿದೆ. ಸಾಹೇಬರ ಬೆರಳುಗಳು ಮಡಚುವುದು ಕಂಡಿತು. ಲೆಕ್ಚರರ್ ಕಿಟಕಿಯ ಹೊರಗೆ ನೋಡುತ್ತಿದ್ದರು, ಅವರ ತುಟಿ ಅಲುಗುತ್ತಿತ್ತು. ಕೊನೆಗೆ ರೆಕ್ಕೆ ಸುತ್ತು ಮುಗಿಸಲಾರದೆ ಅರ್ಧಕ್ಕೆ ಹಿಂದೆ ಸರಿದು ನಿಂತಿತು.

ಸಗರದ ದಾರಿ ಅಲ್ಲಿಂದ ಕಾಣುತ್ತದೆ. ಸೈಕಲ್ ಮೇಲೆ ಹೋದವನು ಬಹಳ ದೂರ ಹೋಗಿರಲಾರ. ಕ್ಯಾಂಪಿನಲ್ಲಿ ಜೀಪು ಇತ್ತು.

"ಚಹಾ ಮಾಡೋಣೇನ್ರಿ?" ಎಂದರು ಸಾಹೇಬರು.

"ಮಾಡ್ರಿ," ಎಂದರು ಲೆಕ್ಚರರ್. "ಸಕ್ರಿ ಕಡಿಮಿ ಇರಲಿ."

ಲೆಕ್ಚರರ್ ಮತ್ತೆ ಬರಲಿಲ್ಲ. ಪೆಟ್ಟಿಗೆ ಅವರಿಗೆ ಬೇಡವಾಗಿತ್ತು ಎಂದು ಆಮೇಲೆ ತಿಳಿಯಿತು. ಹದಿನೈದು ದಿನದ ಮೇಲೆ, ಸಾಹೇಬರ ಸಾಮಾನು ಲಾರಿಗೆ ಏರಿದ ಮಧ್ಯಾಹ್ನ, ಬಸ್ ಸ್ಟ್ಯಾಂಡಿನ ಹಿಂದಿದ್ದ ನನ್ನ ಕೋಣೆಯ ಬಾಗಿಲಲ್ಲಿ ಟ್ರೇಸರ್ ನಿಂತಿದ್ದ. ಸೈಕಲ್ಲಿನ ಕ್ಯಾರಿಯರಿಗೆ ಪೆಟ್ಟಿಗೆಯನ್ನು ಹಗ್ಗದಿಂದ ಬಿಗಿದು ತಂದಿದ್ದ.

"ಸಾಹೇಬ್ರು ನಿಮಗ ಕೊಡು ಅಂದಾರ್ರಿ."

"ಒಳಗ ಬಾ."

ಬರಲಿಲ್ಲ. ಹಗ್ಗ ಬಿಚ್ಚಿ, ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹೊಸ್ತಿಲ ಒಳಗೆ, ನೆರಳಿನಲ್ಲಿ ಇಟ್ಟ. ಮುಚ್ಚಳದ ಮೇಲೆ ನನ್ನ ಹೆಸರು, ಪತ್ರಿಕೆಯ ಹೆಸರು, ಕಾಲುವೆಯ ನಕ್ಷೆಗಳ ಮೇಲಿರುವಂಥ ನೆಟ್ಟನೆಯ ಅಕ್ಷರಗಳಲ್ಲಿದ್ದವು. ಅಷ್ಟು ಚಂದಾಗಿ ನನ್ನ ಹೆಸರನ್ನು ಬೇರೆ ಯಾರೂ ಬರೆದಿಲ್ಲ.

"ಪ್ಲೇಯರ್ ಅದೇನ್ರಿ ನಿಮ್ಮ ಬಲ್ಲಿ?"

"ಇಲ್ಲ."

"ಅಡ್ಡ ಮಲಗಿಸಬ್ಯಾಡ್ರಿ, ಡೊಂಕಾಗ್ತಾವ. ನಿಂದರಿಸಿ ಇಡ್ರಿ. ಬಿಸಲು ಬೀಳಬಾರ್ದು."

"ನೋಡು, ನಿನಗ ಬೇಕಾದಾಗ ಬಂದು..."

"ಬಂದು ಏನ್ ಮಾಡ್ಲ್ಯೋ? ಹೊರಗಿಂದ ನೋಡಿ ಹೋಗ್ಲೇನ್ರಿ?" ಅವನು ನನಗೆ ಮೊದಲ ಸಲ ಏಕವಚನ ಹಾಕಿ, ಅದೇ ಉಸಿರಿನಲ್ಲಿ ತಿದ್ದಿಕೊಂಡಿದ್ದ. ಹಗ್ಗವನ್ನು ಮೊಣಕೈಗೆ ಸುತ್ತುತ್ತ, "ಆ ಸುದ್ದಿ ಓದಿದ್ದೆರಿ ನಾನು," ಎಂದ.

"ಯಾವ ಸುದ್ದಿ?"

"ಕರೆಂಟಿಂದು. ಮೂರು ಸಾಲಿಂದು. ಆಫೀಸಿಗಿ ನಿಮ್ಮ ಪೇಪರ್ ಬರ್ತದಲ್ರಿ." ಹಗ್ಗದ ತುದಿಯನ್ನು ಸಿಕ್ಕಿಸಿದ. "ಅವತ್ತ ನಾನs ಹೇಳಬಹುದಿತ್ತು. ನೀವು ಹೇಳ್ತೀರಿ ಅಂತ ಕುಂತಿದ್ದೆ."

ಅವನು ಅಂಗಿಯ ಕಿಸೆಯಿಂದ ಪೆನ್ನು ತೆಗೆದು ನನ್ನ ಕಡೆ ಹಿಡಿದ. ಮುಚ್ಚಳದ ಬಲಗಡೆ ಕೆಳಗೆ ಅದೇ ಚೌಕ ಇತ್ತು. ತಾರೀಖು ಇತ್ತು. ಮೂವತ್ತೊಂದು ಎಂಬ ಸಂಖ್ಯೆ ಇತ್ತು. ಅವನ ಸಹಿ ಇತ್ತು. ಒಂದು ಮನೆ ಖಾಲಿ ಇತ್ತು.

"ಮುಟ್ಟಿತು ಅಂತ ಸಹಿ ಹಾಕ್ರಿ. ತಪಾಸಣೆ ಮಾಡಿದವರು ಅಂತ ಅದಲ್ರಿ, ಅಲ್ಲಿ."

ಪೆಟ್ಟಿಗೆ ತೆರೆದು ನೋಡದೆ ನಾನು ಅಲ್ಲಿ ಸಹಿ ಹಾಕಿದೆ. ಅವನು ಬಾಗಿ, ಶಾಯಿ ಆರುವ ತನಕ ಅದರ ಮೇಲೆ ಮೆಲ್ಲಗೆ ಊದಿದ. ಆಮೇಲೆ ಪೆನ್ನು ಇಸಕೊಂಡು ಸೈಕಲ್ ಹತ್ತಿದ.